ಅಂತ್ಯಕ್ರಿಯೆಯ ಮುನ್ನೇರ್ಪಾಡು: ದಾಸೋಹವೋ, ಅಭಿಮಾನವೋ?

ಬದುಕಿರುವಾಗಲೇ ತನ್ನ ಅಂತ್ಯಕ್ರಿಯೆಯ ವಿಚಾರವನ್ನೆತ್ತುವುದು ಅಮಂಗಳವೆಂದು ಭಾವಿಸುವ ಗೃಹಸ್ಥರು ಅನೇಕರುಂಟು. ಹಿರಿಯರು ಬಾಯಿ ತೆರೆದೊಡನೆ ಮಕ್ಕಳು "ಬಿಡ್ತು ಅನ್ನಿ" ಎಂದು ತಡೆಯುವರು. ಆದರೆ ಲಿಂಗಧಾರಿಗೆ ಮರಣವು ಅಮಂಗಳವೆ? ಪಂಚಸೂತಕಗಳಲ್ಲಿ ಮರಣಸೂತಕವೂ ಒಂದು. ಲಿಂಗವಂತರಿಗೆ ಆ ಐದೂ ಇಲ್ಲವೆಂಬುದು ಶರಣರ ನಿರ್ಣಯ. ಸಾವನ್ನು ಲಿಂಗೈಕ್ಯವೆಂದು ಕರೆದು, ಅದರ ಮಾತಿಗೇ ಅಂಜುವುದು ನಮ್ಮ ತತ್ತ್ವಕ್ಕೆ ತಕ್ಕ ನಡತೆಯಲ್ಲ.

ನಮ್ಮಲ್ಲಿ ದಹನವಲ್ಲ, ಕ್ರಿಯಾಸಮಾಧಿಯೇ ರೂಢಿ. ದೇಹವನ್ನು ಕುಳ್ಳಿರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣಿಗೊಪ್ಪಿಸುವರು. ಹಿಂದೆ ಇದಕ್ಕೆ ಸ್ವಂತ ಹೊಲದ ಒಂದು ಮೂಲೆ ಸಾಕಾಗಿತ್ತು. ನಮ್ಮ ಅತ್ತಿಬೆಲೆಯಲ್ಲಿ ಹೊಸೂರು ರಸ್ತೆಯ ಇಕ್ಕೆಲಗಳ ರಾಗಿಹೊಲಗಳು ಕಾರ್ಖಾನೆಗಳೂ ಬಡಾವಣೆಗಳೂ ಆಗಿರುವಾಗ, ಅನೇಕರಿಗೆ ಆ ಮೂಲೆಯೇ ಉಳಿದಿಲ್ಲ. ದುಡಿಮೆಗಾಗಿ ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ಬಾಡಿಗೆಮನೆಯಲ್ಲಿರುವ ಭಕ್ತರ ಪಾಡಂತೂ ಇನ್ನೂ ಕಠಿಣ. ದೇಹವನ್ನು 500 ಕಿಲೋಮೀಟರಿಗೂ ದೂರದ ಊರಿಗೆ ಒಯ್ಯಬೇಕೆ, ಇಲ್ಲಿಯೇ ರುದ್ರಭೂಮಿಯನ್ನರಸಬೇಕೆ ಎಂಬ ಪ್ರಶ್ನೆ ದುಃಖದ ನಡುರಾತ್ರಿಯಲ್ಲಿ ಏಳುತ್ತದೆ. ಅಣ್ಣ ಒಂದು ಹೇಳುತ್ತಾನೆ, ತಮ್ಮ ಇನ್ನೊಂದು. ವೆಚ್ಚಕ್ಕೆ ಸಾಲ ಹುಟ್ಟುತ್ತದೆ. ಹೋದವರ ಇಷ್ಟವೇನಿತ್ತೆಂಬುದು ಮಾತ್ರ ಯಾರಿಗೂ ತಿಳಿಯದು.

ಈ ಸಂದರ್ಭದಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರ ನಡೆ ಮನನೀಯವಾದುದು. ಅವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅದಕ್ಕೆ ವರ್ಷಗಳ ಮೊದಲೇ, 2014ರಲ್ಲಿ, ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಭಸ್ಮವನ್ನು ನದಿಯಲ್ಲಾಗಲಿ ಸಾಗರದಲ್ಲಾಗಲಿ ವಿಸರ್ಜಿಸಬೇಕು, ಶ್ರಾದ್ಧವಿಧಿಗಳು ಬೇಡ, ಸ್ಮಾರಕವೂ ಬೇಡ. ಲಕ್ಷಾಂತರ ಭಕ್ತರುಳ್ಳವರಿಗೆ ಭವ್ಯವಾದ ಗದ್ದುಗೆ ಏಳುವುದು ಕಷ್ಟವಾಗಿರಲಿಲ್ಲ. ಶಿಷ್ಯರು ಅವರ ಮಾತಿನಂತೆಯೇ ಆಶ್ರಮದಲ್ಲಿ ಅಗ್ನಿಸಂಸ್ಕಾರವನ್ನು ನೆರವೇರಿಸಿದರು.

ಹಾಗಾದರೆ ನಾವೆಲ್ಲರೂ ಸಮಾಧಿಯನ್ನು ಬಿಟ್ಟು ಚಿತೆಯನ್ನಾಶ್ರಯಿಸಬೇಕೆ? ಇಲ್ಲಿ ಅನುಕರಿಸಬೇಕಾದುದು ಅಗ್ನಿಯನ್ನಲ್ಲ, ಆ ಪತ್ರದ ಭಾವವನ್ನು. ಅದು ಉಳಿದವರಿಂದ ಏನನ್ನೂ ಬೇಡಲಿಲ್ಲ. ಅವರನ್ನು ಎಲ್ಲ ಭಾರಗಳಿಂದಲೂ ಬಿಡಿಸಿತು. ಮುನ್ನೇರ್ಪಾಡಿನಲ್ಲಿ ಎರಡು ಬಗೆ. ಅಮೃತಶಿಲೆಯ ಗದ್ದುಗೆ ಕಟ್ಟಿಸಿ, ಸಾವಿರ ಜನಕ್ಕೆ ಗಣಾರಾಧನೆ ಮಾಡಿಸಿ ಎಂದು ಮಕ್ಕಳನ್ನು ಕಟ್ಟಿಹಾಕುವುದು ಸತ್ತ ಮೇಲೂ ಸಾಯದ ಅಭಿಮಾನ. ಇಂತಹ ಸ್ಥಳ ಸಾಕು, ಇಷ್ಟೇ ವೆಚ್ಚ ಸಾಕು, ನನಗಾಗಿ ಸಾಲ ಮಾಡಬೇಡಿರಿ ಎಂದು ಬಿಡಿಸುವುದು ಕೊನೆಯ ದಾಸೋಹ.

ಆದುದರಿಂದ ಗೃಹಸ್ಥನು ಆರೋಗ್ಯವಿರುವಾಗಲೇ ಮಡದಿ ಮಕ್ಕಳೊಡನೆ ಕುಳಿತು, ಸಮಾಧಿಯೆಲ್ಲಿ, ವೆಚ್ಚವೆಷ್ಟು, ಯಾರನ್ನು ಕರೆಯಬೇಕು ಎಂಬುದನ್ನು ನಿಶ್ಚಯಿಸಿ ಬರೆದಿಡತಕ್ಕದ್ದು. ಸ್ಮರಣೆಯ ದಿನ ಬಡವಿದ್ಯಾರ್ಥಿಯೊಬ್ಬನಿಗೆ ಪುಸ್ತಕ ಕೊಡಿಸಿದರೂ ಸಾಕೆಂದು ಹೇಳಬಹುದು. ಆದರೆ ಕಡೆಯಲ್ಲಿ ಒಂದು ಮಾತನ್ನು ಸೇರಿಸಲು ಮರೆಯಬಾರದು: "ಇದು ನಡೆಯದಿದ್ದರೆ ನಿಮಗೆ ಅನುಕೂಲವಾದಂತೆ ಮಾಡಿರಿ, ನನಗೆ ಕೊರತೆಯಿಲ್ಲ." ಮಕ್ಕಳು ಹಂಬಲಿಸಿ ಒಂದು ಹೂವನ್ನು ಹೆಚ್ಚಿಗೆ ಇಟ್ಟರೆ ಅದನ್ನೂ ತಡೆಯಬೇಕಾಗಿಲ್ಲ.

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬುದು ನಮ್ಮ ನಾಡಿನ ಗಾದೆ. ಆ ಗುಣ ಕಾಣುವುದು ಗದ್ದುಗೆಯ ಎತ್ತರದಲ್ಲಲ್ಲ. ಹಿಂದುಳಿದವರ ಮನೆಯಲ್ಲಿ ಸಾಲವೂ ಜಗಳವೂ ಇಲ್ಲದಿರುವುದರಲ್ಲಿ.