ಕಂಬದ ಡೊಂಕು ಯಾರದು?

 

ತೂಬಗೆರೆಯಲ್ಲಿ ನಾವು ಭಾನುವಾರ ಕೂತು ಓದುವ ಜಾಗಕ್ಕೆ ಒಂದು ಶೀಟಿನ ಚಪ್ಪರ ಹಾಕಲು ಹೊರಟೆವು. ನಾಲ್ಕು ಗುಣಿಗೆ ಕಾಂಕ್ರೀಟ್ ತುಂಬಿ, ಕಂಬ ಕೂರುವ ಕಬ್ಬಿಣದ ಕ್ಲಾಂಪುಗಳನ್ನು ನೆಟ್ಟವನು ನಾನೇ. ಕತ್ತಲಾಗುತ್ತಿತ್ತು, ಮಟ್ಟ ನೋಡಲಿಲ್ಲ. ವಾರ ಬಿಟ್ಟು, ಒಂದೇ ಅಳತೆಗೆ ಕೊಯ್ಸಿದ 8 ಅಡಿಯ ನೀಲಗಿರಿ ಕಂಬಗಳನ್ನು ನಿಲ್ಲಿಸಿದರೆ ಮೂರು ನೆಟ್ಟಗೆ ನಿಂತವು, ಒಂದು ವಾಲಿತು. ಅದರ ತಲೆಯೂ ಒಂದೂವರೆ ಇಂಚು ತಗ್ಗು. "ಕಂಬಾನೇ ಡೊಂಕು, ಬೇರೆ ತರ್ಸಿ ಮೇಷ್ಟ್ರೇ" ಎಂದರು. ನಾನೂ ಹೌದೆಂದೆ.

ಬಡಗಿಯಣ್ಣ ಮಾತಾಡಲಿಲ್ಲ. ಆ ಕಂಬವನ್ನು ತೆಗೆದು ಪಕ್ಕದ ಕ್ಲಾಂಪಿಗೆ ಇಟ್ಟು ತೂಗುಗುಂಡು ಬಿಟ್ಟರು. ನೆಟ್ಟಗಿತ್ತು. ಅಲ್ಲಿದ್ದ ಕಂಬವನ್ನು ಇಲ್ಲಿಗೆ ತಂದರು. ವಾಲಿತು.

'ಬುದ್ಧ ಮತ್ತು ಆತನ ಧಮ್ಮ' (1957) ಗ್ರಂಥದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದ ವಾದವನ್ನು ಒಪ್ಪುವುದಿಲ್ಲ. ಬಡವರ, ಕೆಳಗಿಟ್ಟವರ ಸ್ಥಿತಿಗೆ ರಾಜ್ಯವೂ ಸಮಾಜವೂ ಹೊಣೆ ತಪ್ಪಿಸಿಕೊಳ್ಳುವುದಕ್ಕಷ್ಟೇ ಅದು ಉಪಯೋಗ ಎನ್ನುತ್ತಾರೆ. ಇದನ್ನು ನಾನೇ ಎಷ್ಟು ಸಲ ನಿಮಗೆ ಓದಿ ಹೇಳಿದ್ದೇನೆ! ಆದರೂ ಎದುರಿಗೆ ಕಂಬ ವಾಲಿದಾಗ ಮೊದಲು ಬಾಯಿಗೆ ಬಂದದ್ದು ಕಂಬದ ತಪ್ಪು. ಕಮ್ಮ ಇತ್ತು, ನಿಜ. ಅದು ಕಂಬದ್ದಲ್ಲ, ಅವಸರ ಮಾಡಿದ ನನ್ನ ಕೈಯದು.

ನಾನು ಬುಡಕ್ಕೆ ಕಲ್ಲಿನ ಚಕ್ಕೆ ಒತ್ತಲು ಹೋದೆ. ಅವರು ಬಿಡಲಿಲ್ಲ. ಚಕ್ಕೆ ಒಂದು ಮೂಲೆ ಮಾತ್ರ ಹೊರುತ್ತದೆ, ಭಾರ ಬಿದ್ದರೆ ಜಾರುತ್ತದೆ. ಬುಡ ಪೂರ್ತಿ ಕೂರುವಂಥ ಕಬ್ಬಿಣದ ಪ್ಲೇಟು ಇಟ್ಟು, ಕ್ಲಾಂಪಿನ ಓರೆಗೆ ತಕ್ಕಂತೆ ಕಂಬದ ಬುಡ ಕೆತ್ತಿ, ನೀರು ತುಂಬಿದ ಪೈಪು ಹಿಡಿದು ನಾಲ್ಕಕ್ಕೂ ಗುರುತು ಹಾಕಿ, ಗುರುತಿಗೆ ತಲೆ ಕೊಯ್ದರು. ಈಗ ಅಳೆದರೆ ನಾಲ್ಕರ ಉದ್ದವೂ ಬೇರೆ ಬೇರೆ. ಮೇಲಿನ ತೊಲೆ ಸಮ ಕೂತಿದೆ.

ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. "ಇವನ ತಲೇಲಿ ಏನೂ ಇಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಅಂದಿದ್ದವನು ನಾನು. ನಮ್ಮ ಕೇರಿಯದೇ ಮಗು ಅದು. ಸೋಮವಾರ ಅವನನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿ, ಬೋರ್ಡಿನ ಮೇಲಿದ್ದ ಪದ್ಯ ಓದು ಎಂದೆ. ತಡವರಿಸುತ್ತಲೇ ಓದಿದ. ಹಿಂದಿನಿಂದ ಕಾಣುತ್ತಿರಲಿಲ್ಲವಂತೆ.

"ಯಾಕೋ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾ."

ಒತ್ತಕ್ಷರ ಈಗಲೂ ತಪ್ಪುತ್ತಾನೆ. ಕನ್ನಡಕದ ವಿಷಯ ಮಾತಾಡಲು ಇವತ್ತು ಸಂಜೆ ಅವರ ಮನೆಗೆ ಹೊರಟಿದ್ದೇನೆ.

ಭವತು ಸಬ್ಬ ಮಂಗಲಂ.