ಅಚಲೆಯ ಚಲನವೂ ಮನುಷ್ಯನ ಋಣವೂ

ಭೂಮಿಗೆ ಅಚಲೆಯೆಂದೂ ಸ್ಥಿರೆಯೆಂದೂ ಹೆಸರುಗಳುಂಟೆಂಬದನ್ನು ಅಮರಕೋಶವನ್ನು ಕಂಠಪಾಠ ಮಾಡಿದ ಬಾಲಕನೂ ಬಲ್ಲನು. ಲೋಕವ್ಯವಹಾರದಲ್ಲಿಯೂ ಹೊಲ-ಮನೆಗಳನ್ನು ಸ್ಥಿರಾಸ್ತಿಯೆಂದೇ ಕರೆಯುವರು. ಈ ಹೆಸರುಗಳು ಎಷ್ಟರ ಮಟ್ಟಿಗೆ ಅನ್ವರ್ಥಕವಾಗಿರುವವು?

ಬಾಗೇವಾಡಿ ಸೀಮೆಯ ಮುಳವಾಡದ ಎರೆಹೊಲದಲ್ಲಿ ನಿಂತವನಿಗೆ ಕಡಲು ಬಹು ದೂರದ ಮಾತು. ಆದರೂ ಆ ಎರೆಮಣ್ಣಿನ ವೃತ್ತಾಂತವು ಕಡಲಿನ ವೃತ್ತಾಂತದೊಡನೆ ಹೆಣೆದುಕೊಂಡಿರುವದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಶಿಲಾರಸವು ಪದರಪದರವಾಗಿ ಹರಡಿ ದಖ್ಖಣದ ಕರಿಗಲ್ಲಾಯಿತು. ಆ ಕಲ್ಲು ಸವೆದು ಬಿಳಿಜೋಳ ಬೆಳೆಯುವ ಎರೆಯಾಯಿತು. ಈ ಭೂಖಂಡದ ಪಶ್ಚಿಮದ ಅಂಚು ಹರಿದದ್ದೂ ಅಂತಹ ಕಾಲಗಳಲ್ಲಿಯೇ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರವು ಅಗಲತೊಡಗಿತು. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಆ ವಿಯೋಗಕಾಲದ ಗುರುತುಗಳು. ತರುವಾಯ, ಸುಮಾರು 6 ಕೋಟಿ 30 ಲಕ್ಷ ವರ್ಷಗಳ ಹಿಂದೆ, ಸೇಶೆಲ್ಸ್ ದ್ವೀಪಗಳನ್ನು ಹೊತ್ತ ತುಂಡೂ ಬೇರೆಯಾಯಿತು.

ಕೆಳಗಿನ ಕಾವಿನಿಂದಲೂ ಇಕ್ಕೆಲದ ಎಳೆತದಿಂದಲೂ ನೆಲವು ತೆಳುವಾಗಿ ಸೀಳಿತು, ಸೀಳುಗಳ ಗುಂಟ ಶಿಲಾಖಂಡಗಳು ಮೆಟ್ಟಿಲುಮೆಟ್ಟಿಲಾಗಿ ಕುಸಿದವು, ಕಾವು ಆರಿದಂತೆ ಅಂಚು ಇನ್ನೂ ತಗ್ಗಿತು, ಸಮುದ್ರವು ಒಳಸೇರಿತು. ಇಂದಿಗೂ ನಮ್ಮ ಕರಾವಳಿಯೆದುರು ಕಡಲಡಿಯ ನೆಲವು ಬಹುದೂರ ಮೆಲ್ಲನೆ ಇಳಿದುಹೋಗಿ, 100-200 ಮೀಟರಿನ ಆಳವನ್ನು ಮುಟ್ಟಿದ ಬಳಿಕ, 2000 ಮೀಟರಿನ ಸುಮಾರಿನ ಆಳಕ್ಕೆ ಕಡಿದಾಗಿ ಇಳಿಯುವದು. ಕೆಸರು ಹೊದ್ದು ಯಾರ ಕಣ್ಣಿಗೂ ಬೀಳದಿರುವ ಆ ಇಳಿಜಾರೇ ಹರಿದ ಭೂಖಂಡದ ಸೆರಗು.

ಇದನ್ನು ತಿಳಿದವನೊಬ್ಬನು ಹೀಗೆ ವಾದಿಸಬಹುದು: "ಭೂಖಂಡದ ಅಂಚೇ ಮುಳುಗಿರುವಾಗ ನಾಲ್ಕು ಹಳ್ಳಿಗಳು ಮುಳುಗಿದರೆ ಶೋಕವೇಕೆ? ಸಕಲವೂ ಅಸ್ಥಿರವಲ್ಲವೇ?" ಈ ಸೀಮೆಯಲ್ಲಿ ಇದು ಬರಿಯ ಪುಸ್ತಕದ ವಾದವಲ್ಲ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಅನೇಕ ಗ್ರಾಮಗಳೂ ಹಳೆಯ ಬಾಗಲಕೋಟೆಯ ಭಾಗಗಳೂ ಮುಳುಗಿದವು. ಮುಳವಾಡದ ಹೆಸರಿನ ಏತ ನೀರಾವರಿಯು ಆ ನೀರನ್ನೇ ಎತ್ತಿ ಒಣನೆಲಕ್ಕೆ ಕೊಡುವದು.

ವಾದದ ದೋಷವು ಸ್ಪಷ್ಟವಾಗಿದೆ. ಕಡಲಡಿಯ ಪ್ರಪಾತಕ್ಕೆ ಕಾರಣಗಳುಂಟು, ಕರ್ತನಿಲ್ಲ. ಆದುದರಿಂದ ಅಲ್ಲಿ ಯಾರ ಋಣವೂ ಇಲ್ಲ. ಅಣೆಕಟ್ಟಿಗಾದರೋ ಕರ್ತರುಂಟು, ಸಂಕಲ್ಪವುಂಟು, ಫಲವನ್ನು ಉಣ್ಣುವವರುಂಟು. ಸಂಕಲ್ಪವು ಲೋಕಹಿತದ್ದೇ ಆಗಿರಬಹುದು. ಬರದ ನಾಡಿಗೆ ನೀರು ಅಮೃತವೇ ಸರಿ. ಆದರೆ ಒಬ್ಬನ ಹೊಲವು ಹಸಿರಾಗಲು ಇನ್ನೊಬ್ಬನ ಹೊಲವು ಮುಳುಗಿತೆಂದ ಮೇಲೆ, ಹಸಿರು ಕಂಡವನು ಋಣಿಯು. ಪರಿಹಾರದ ಹಣವು ನೆಲದ ಬೆಲೆಯನ್ನು ಕೊಡಬಲ್ಲದು; ನೆರೆಹೊರೆಯನ್ನೂ ಹಿರಿಯರ ಸಮಾಧಿಯನ್ನೂ ಕೊಡಲಾರದು. ಆ ಉಳಿದ ಋಣವು ನೆರೆಯವನ ಪಾಲಿಗೆ ಬರುವದು: ನೆಲೆ ತಪ್ಪಿ ಬಂದವನನ್ನು ಹೊರಗಿನವನೆನ್ನದೆ ಊರಿನವನೆಂದು ಬರಮಾಡಿಕೊಳ್ಳುವದೂ, ಆತನ ದುಃಖವನ್ನು ತಾಳ್ಮೆಯಿಂದ ಕೇಳುವದೂ ಅದರ ಮೊದಲ ಕಂತುಗಳು.

ಅನಿತ್ಯತೆಯ ಉಪದೇಶವನ್ನು ತನಗೆ ತಾನು ಮಾಡಿಕೊಂಡರೆ ಅದು ವೈರಾಗ್ಯ. ಕಳೆದುಕೊಂಡವನಿಗೆ ಮಾಡಿದರೆ ನಿಷ್ಠುರತೆ. ನೆಲವು ಅಚಲವಲ್ಲವೆಂಬದು ಸಿದ್ಧವಾಯಿತು. ನೆಲವೇ ಚಲಿಸುವಾಗ ಮನುಷ್ಯನು ನಂಬಿ ನಿಲ್ಲಬೇಕಾದದ್ದು ಮನುಷ್ಯನ ಮಾತಿನ ಮೇಲೆ. ಅದನ್ನಾದರೂ ಅಲುಗದಂತೆ ಕಾಯುವದು ಅವನ ಕೈಯಲ್ಲಿಯೇ ಇದೆ.