ಕಾದ ನೀರು, ಕುದ್ದ ನೀರು

ನಮಗೆ ಗೊತ್ತಿರುವ ಒಂದು ಒಳ್ಳೆಯ ವಿಷಯವನ್ನು ಇನ್ನೊಬ್ಬರಿಗೆ ಹೇಳುವಾಗ ಎಷ್ಟು ಹೇಳಿದರೆ ಹೇಳಿದ ಹಾಗೆ? ಪ್ರಶ್ನೆ ದೊಡ್ಡದಾಗಿ ಕೇಳಿಸಬಹುದು. ಆದರೆ ಇದು ನನ್ನ ತಲೆಗೆ ಹೊಕ್ಕಿದ್ದು ಮೂಗಿನ ಮೂಲಕ. ನಿಜವಾಗ್ಲೂ ಮೂಗಿನ ಮೂಲಕ, ಜಲನೇತಿಯಿಂದ.

ಬೆಂಗಳೂರಿಗೆ ಬಂದ ನನ್ನಂಥ ಎಷ್ಟೋ ಮಂದಿಗೆ ಉಪ್ಪುನೀರಿನಿಂದ ಮೂಗು ತೊಳೆಯೋದು ಹಲ್ಲು ತಿಕ್ಕಿದಷ್ಟೇ ಸಹಜ ಆಗಿಬಿಟ್ಟೈತಿ. ಉದ್ದ ಮೂತಿಯ ಪುಟ್ಟ ಗಿಂಡಿ. ಬಾಯಿ ತೆರೆದು ಬಾಯಿಯಿಂದಲೇ ಉಸಿರಾಡುತ್ತ, ತಲೆ ಓರೆ ಮಾಡಿ, ಮೇಲಿನ ಹೊಳ್ಳೆಗೆ ನೀರು ಬಿಟ್ಟರೆ ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಬರೀ ನೀರು ಹಾಕಿದರೆ ಕಣ್ಣಲ್ಲಿ ನೀರು ಬರೋಹಂಗ ಉರಿಯುತ್ತದೆ. ಯಾಕಂದ್ರೆ ನಮ್ಮ ಮೈಯ ದ್ರವಕ್ಕೆ ಒಂದು ಉಪ್ಪಿನ ಅಳತೆ ಐತಿ, ಲೀಟರಿಗೆ ಹೆಚ್ಚುಕಡಿಮೆ 9 ಗ್ರಾಂ. ನಮ್ಮ ಸಂಪಗಾಂವ ಕಡೆ ಯಾರಿಗಾದರೂ ಸುಸ್ತಾದ್ರೆ 'ಸಲೈನ್ ಹಚ್ಚಿಸಿಕೊಂಡು ಬಂದ' ಅಂತಾರಲ್ಲ, ಆ ಬಾಟಲಿಯ ಮೇಲೆ 0.9% ಅಂತ ಬರೆದಿರೋದೂ ಇದೇ ಲೆಕ್ಕ. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚಕ್ಕಿಂತ ತುಸು ಕಮ್ಮಿ ಉಪ್ಪು. ಮುಗೀತು.

ಉಪಯೋಗ ಐತೇನು? ನನಗೈತಿ. ಆದರೆ ನನ್ನ ಮೂಗು ಎಲ್ಲರ ಮೂಗಲ್ಲ. 2016ರ ಕೊಕ್ರೇನ್ ಪರಿಶೀಲನೆ ಬಹಳ ದಿನದ ಸೈನಸ್ ತೊಂದರೆಗೆ ಸ್ವಲ್ಪ ಲಾಭ ಇರಬಹುದು, ಆದರೆ ಪುರಾವೆ ದುರ್ಬಲ ಅಂತ ಹೇಳಿತ್ತು. ಅಂದ್ರೆ ಮೋಸವೂ ಅಲ್ಲ, ಪವಾಡವೂ ಅಲ್ಲ. 'ನಮ್ಮ ಪೂರ್ವಜರು ಐದು ಸಾವಿರ ವರ್ಷದ ಹಿಂದೇ ಕಂಡುಹಿಡಿದಿದ್ರು' ಅಂತ ಎದೆ ಉಬ್ಬಿಸೋರಿಗೆ ಇನ್ನೊಂದು ಮಾತು. ಸ್ವಾತ್ಮಾರಾಮರ ಹಠಯೋಗ ಪ್ರದೀಪಿಕೆ 15ನೇ ಶತಮಾನದ್ದು. ಅದರಲ್ಲಿರುವ ನೇತಿ ನೀರಿನದಲ್ಲ, ದಾರದ್ದು. ನುಣುಪಾದ ದಾರವನ್ನು ಮೂಗಿನಿಂದ ಹಾಕಿ ಬಾಯಿಂದ ತೆಗೆಯೋದು. ಅಷ್ಟೇ ಅಲ್ಲ, ಕೊಬ್ಬು, ಕಫ ಹೆಚ್ಚಾದವರು ಮಾತ್ರ ಈ ಷಟ್ಕರ್ಮ ಮಾಡಬೇಕು, ಉಳಿದವರಿಗೆ ಬೇಡ ಅಂತ ಅದೇ ಪುಸ್ತಕ ಹೇಳುತ್ತದೆ. ಹಳಬರು ವಿಧಿಯ ಜೊತೆಗೇ ಷರತ್ತನ್ನೂ ಹೇಳಿದ್ದರು. ನಾವು ಹೆಮ್ಮೆ ಇಟ್ಟುಕೊಂಡು ಷರತ್ತು ಬಿಟ್ಟೆವು.

ಷರತ್ತು ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ 2011ರ ಅಮೆರಿಕದ ಲೂಸಿಯಾನ ಉದಾಹರಣೆ. ಅಲ್ಲಿ ಇಬ್ಬರು, ಬೇರೆ ಬೇರೆ ಕಡೆ, ಮನೆಯ ನಳದ ನೀರನ್ನು ನೇತಿ ಗಿಂಡಿಗೆ ಹಾಕಿ ಮೂಗು ತೊಳೆದುಕೊಂಡು ಸತ್ತರು. ನೀಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ. ಬೆಚ್ಚಗಿನ ಸಿಹಿನೀರಿನಲ್ಲಿ ಇರುತ್ತದೆ. ಆ ನೀರನ್ನು ಕುಡಿದರೆ ಈ ರೋಗ ಬರೋದಿಲ್ಲ. ಮೂಗಿನೊಳಗೆ ಹೋದರೆ ವಾಸನೆಯ ನರ ಹಿಡಿದು ಮಿದುಳಿಗೆ ಏರುತ್ತದೆ. ರೋಗ ತೀರಾ ಅಪರೂಪ, ಆದರೆ ಬಂದವರಲ್ಲಿ ಬದುಕಿದವರೂ ಅಷ್ಟೇ ಅಪರೂಪ. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದ ಮಿದುಳು ಜ್ವರ ಸುದ್ದಿ ಮಾಡಿತು. 2025ರ ನವೆಂಬರಿನಲ್ಲಿ ಶಬರಿಮಲೆಗೆ ಹೊರಟವರಿಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಅಂತ ಹೇಳಿತು. ಪರಿಹಾರ ಬಹಳ ಸರಳ. ನೀರನ್ನು ಒಂದು ನಿಮಿಷ ಕಳಕಳ ಕುದಿಸಿ, ಮುಚ್ಚಿಟ್ಟು, ಆರಿಸಿ ಬಳಸೋದು.

ಈ ಸಲ ಸುಗ್ಗಿಗೆ ಊರಿಗೆ ಹೋದಾಗ ನಮ್ಮ ಕಾಕಾ ಕೇಳಿದ.

"ತಮ್ಮಾ, ರಾಶಿ ಮಾಡಿದಾಗಿಂದ ಮೂಗು ಕಟ್ಟೇತಿ. ನೀ ಏನೋ ಮೂಗಿಗೆ ನೀರ ಹಾಕ್ಕೊಂತಿ ಅಂತಲ್ಲ, ನನಗೂ ತೋರಸು."

ತೋರಿಸಿದೆ. ನೀರು ಕುದಿಸಬೇಕು ಅಂದೆ.

"ಬಚ್ಚಲದಾಗ ಹಂಡೆ ತುಂಬ ಬಿಸಿನೀರ ಐತಲ್ಲೋ."

"ಅದು ಕಾದೈತ್ರಿ ಕಾಕಾ, ಕುದ್ದಿಲ್ಲ."

"ಕುಡಿಯೂ ನೀರಪಾ ಅದು. ಹೊಟ್ಟಿಗೆ ಹೋದ್ರ ಏನೂ ಆಗೂದಿಲ್ಲ, ಮೂಗಿಗೆ ಹೋದ್ರ ಆಗತೈತೇನು?"

ನೋಡ್ರಿ, ಎಲ್ಲ ಅಡಗಿರೋದು ಇಲ್ಲೇ. ಜಲನೇತಿ ಹೇಳಿಕೊಡುವವರೆಲ್ಲ 'ಉಗುರು ಬೆಚ್ಚಗಿನ ನೀರು' ಅಂತಾರೆ. ಹೇಳುವವನ ಮನಸ್ಸಿನಲ್ಲಿರೋದು ಕುದಿಸಿ ಆರಿಸಿದ ನೀರು. ಕೇಳುವವನ ಮನಸ್ಸಿನಲ್ಲಿರೋದು ಹಂಡೆಯ ನೀರು. ಕೈಗೆ ಎರಡೂ ಒಂದೇ ಬಿಸಿ. ಕಾಯೋದಕ್ಕೂ ಕುದಿಯೋದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಶಬ್ದ ಇವೆ, ಆದರೂ ನಡುವಿನ ವ್ಯತ್ಯಾಸ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವಷ್ಟರಲ್ಲಿ ಸೋರಿಹೋಗುತ್ತದೆ.

ಆಫೀಸಿನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನು ನಕ್ಕ. ಲಕ್ಷಾಂತರ ಮಂದಿ ನಳದ ನೀರಲ್ಲೇ ಮಾಡ್ತಾರೆ, ಏನೂ ಆಗಲ್ಲ. ಮಿದುಳು, ಸಾವು ಅಂತ ಹೆದರಿಸಿದರೆ ಆ ಮುದುಕ ಒಳ್ಳೆಯದನ್ನೇ ಬಿಟ್ಟುಬಿಡ್ತಾನೆ ಅಂದ. ಅವನ ಮಾತಿನಲ್ಲಿ ಹುರುಳಿದೆ. ಅಪಾಯ ಅಷ್ಟು ಸಣ್ಣದು ಅಂದ್ರೆ, ಪ್ರವಾಸದಲ್ಲಿ ಗ್ಯಾಸ್ ಸಿಗದ ಒಂದು ದಿನ ನಾನೇ ಅದನ್ನು ಹೊತ್ತುಕೊಂಡೇನು. ಆದರೆ ನಾನು ಹೊತ್ತುಕೊಳ್ಳೋದು ಬೇರೆ, ಕಾಕಾನ ತಲೆ ಮೇಲೆ ಅವನಿಗೆ ಹೇಳದೇ ಹೊರಿಸೋದು ಬೇರೆ. ಸಾಧ್ಯತೆ ಎಷ್ಟೇ ಸಣ್ಣದಿರಲಿ, ಅದನ್ನು ತೂಗಿ ನೋಡಬೇಕಾದವನು ಮೂಗಿನ ಮಾಲೀಕ. ಅವನು ಹೆದರಿ ಬಿಡಬಹುದು ಅನ್ನೋದು ಮುಚ್ಚಿಡೋದಕ್ಕೆ ಕಾರಣ ಆಗೋದಿಲ್ಲ. ಬಿಡೋದೂ ಅವನ ಹಕ್ಕೇ.

ಹಂಗಂತ 'ಕುದಿಸ್ರಿ' ಅಂತ ಒಂದು ಮಾತು ಎಸೆದು ಬಂದರೆ ಹೇಳಿದಂಗ ಆಯ್ತೇನು? ಅದೂ ನನಗೆ ಒಪ್ಪಿಗೆ ಇಲ್ಲ. ನಾವು ಸಾಫ್ಟ್‌ವೇರಿನವರು ಇದರಲ್ಲಿ ಪಳಗಿದವರು. ನಲವತ್ತು ಪುಟದ ಷರತ್ತು ಬರೆದು, ಕೆಳಗೆ 'ಒಪ್ಪಿದ್ದೇನೆ' ಅನ್ನುವ ಒಂದು ಗುಂಡಿ ಇಡ್ತೀವಿ. ಯಾರೂ ಓದೋದಿಲ್ಲ ಅಂತ ಬರೆದವನಿಗೆ ಗೊತ್ತು. ಅದು ತಿಳಿಸಲಿಕ್ಕೆ ಬರೆದದ್ದಲ್ಲ, ನಾಳೆ ಕೈ ತೊಳೆದುಕೊಳ್ಳಲಿಕ್ಕೆ ಬರೆದದ್ದು. ಕಾರಣ ಹೇಳದ ಎಚ್ಚರಿಕೆಯೂ ಅದೇ ಜಾತಿ. 'ಕುದಿಸು' ಅನ್ನೋದಷ್ಟನ್ನೇ ಕೇಳಿದವನು ಎರಡು ದಿನ ಕುದಿಸಿ, ಮೂರನೇ ದಿನ ಹಂಡೆಗೆ ಚೊಂಬು ಹಾಕ್ತಾನೆ. ಅವನು ದಡ್ಡ ಅಂತಲ್ಲ. ಗ್ಯಾಸಿನ ರೊಕ್ಕ ಕೊಡುವವನು ಅವನು.

ಹಾಗಾಗಿ ಹೊಟ್ಟೆ ಬೇರೆ, ಮೂಗು ಬೇರೆ ಅನ್ನೋದನ್ನು ಕಾಕಾಗೆ ಕೂತು ಹೇಳಿದೆ. ಅರ್ಧ ತಾಸು ಹಿಡೀತು. ಆಮೇಲೆ ದಾರಿ ಹುಡುಕಿದವನು ಅವನೇ. ಸಂಜೆ ಚಹಾ ಇಡುವಾಗ ಇನ್ನೊಂದು ಪಾತೇಲಿಯಲ್ಲಿ ನೀರು ಕುದಿಸಿ, ತಾಟು ಮುಚ್ಚಿಟ್ಟರೆ ಮುಂಜಾನೆಗೆ ಆಗತೈತಿ ಅಂದ. ಕಿವಿ ಸೋರುತ್ತಿದ್ದರೆ, ಮೂಗಿನ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೇ ಮಾಡಬಾರದು ಅನ್ನೋದನ್ನೂ ಸೇರಿಸಿದೆ. ಅವನಿಗೆ ಎರಡೂ ಇರಲಿಲ್ಲ.

ಇಷ್ಟಾದರೂ ಒಂದು ಉಳಿಯಿತು. ಕಾಕಾನ ಮೂಗು ಕಟ್ಟಿಸಿದ್ದು ರಾಶಿ ಮಷಿನ್ನಿನ ಧೂಳು. ಆ ಮಷಿನ್ ಮುಂದೆ ಅವನಿಗಿಂತ ಹೆಚ್ಚು ಹೊತ್ತು ನಿಂತವರು ಕೂಲಿಗೆ ಬಂದ ಹೆಣ್ಣುಮಕ್ಕಳು, ಸೆರಗನ್ನೇ ಮೂಗಿಗೆ ಕಟ್ಟಿಕೊಂಡು. ಬೈಲಹೊಂಗಲದ ಅರಳೆ ಮಿಲ್ಲುಗಳ ಒಳಗೆ ನಿಲ್ಲುವವರದೂ ಇದೇ ಕಥೆ, ಅಲ್ಲಿ ಜೋಳದ ರವದಿ ಬದಲು ಹತ್ತಿಯ ನೂಲೆಳೆ. ಅವರಲ್ಲಿ ಯಾರೂ ನನ್ನನ್ನು ಜಲನೇತಿ ಕೇಳಲಿಲ್ಲ. ಕಟ್ಟೆ ಮೇಲೆ ಕೂತು ನಾವು ಮಾತಾಡೋದನ್ನು ಕೇಳಿಸಿಕೊಂಡ ಒಬ್ಬಾಕೆ ಮಾತ್ರ ಅಂದಳು: "ಸಂಜಿಕಿ ತೊಳಕೊಂಡ್ರ ಛಲೋನ ಬಿಡ್ರಿ ಅಣ್ಣಾರ. ನಾಳೆ ಮುಂಜಾನೆ ಮತ್ತ ಅದರ ಮುಂದನ ನಿಲ್ಲೂದು."

ಅದಕ್ಕೆ ನನ್ನ ಹತ್ತಿರ ಉಪ್ಪಿನ ಅಳತೆ ಇರಲಿಲ್ಲ. ಮಷಿನ್ನಿನ ಹೊಟ್ಟು ಬೀಳುವ ಬಾಯನ್ನು ಗಾಳಿ ಹೋಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಬಹುದೇನು ಅಂತ ಕಾಕಾನನ್ನು ಕೇಳಿದೆ. ತಿರುಗಿಸಬೇಕಂದ್ರ ಮತ್ತ ಟ್ರ್ಯಾಕ್ಟರ್ ಹಚ್ಚಬೇಕು, ಡ್ರೈವರ್ ಊಟಕ್ಕ ಹೋಗ್ಯಾನ, ಬರಲಿ ತಡಿ ಅಂದ.